ಟರ್ಮಿನಲ್ ಕಿತ್ತು ತೋರಿಸುವ ಪರೀಕ್ಷೆ

ನಮ್ಮ ಗ್ಯಾರೇಜಿನಲ್ಲಿ ಆ ಎಟಿವಿಯ ಕಥೆಯನ್ನು ಹೇಳುವುದು ಹೀಗೆ: ಗೌಡ್ರ ಟ್ರ್ಯಾಕಿನ ಗಾಡಿಗೆ ಡೂಪ್ಲಿಕೇಟ್ ರೆಗ್ಯುಲೇಟರ್ ಬಿದ್ದಿತ್ತು, ಅದು ಬ್ಯಾಟರಿ ಕುಡಿಯುತ್ತಿತ್ತು, ಮೇಸ್ತ್ರಿ ಕಂಡುಹಿಡಿದು ಒರಿಜಿನಲ್ ಹಾಕಿದರು, ಗಾಡಿ ಸರಿಹೋಯಿತು. ಕೇಳಿದವರು ತಲೆಯಾಡಿಸಿ ಟೀ ಮುಗಿಸುತ್ತಾರೆ. ನನ್ನ ತಕರಾರು ಸರಳವಾದದ್ದು. ಆ ರೆಗ್ಯುಲೇಟರ್‌ಗಳನ್ನು ತಂದವನು ನಾನು. ಮೂರನ್ನೂ ಒಂದೇ ಅಂಗಡಿಯಿಂದ, ಒಂದೇ ಕಂಪನಿಯ ಪೆಟ್ಟಿಗೆಯಲ್ಲಿ ತಂದೆ. ಎರಡು ಕೆಟ್ಟವು, ಒಂದು ಉಳಿಯಿತು. ಕೆಟ್ಟವು ಡೂಪ್ಲಿಕೇಟ್, ಉಳಿದದ್ದು ಒರಿಜಿನಲ್ ಎನ್ನುವುದಾದರೆ ಅದನ್ನು ಸಾಧಿಸುವ ಹೊಣೆ ಹೇಳುವವರದ್ದು. ಇವತ್ತಿನವರೆಗೆ ಯಾರೂ ಸಾಧಿಸಿಲ್ಲ, ಸಾಧಿಸಿ ಎಂದು ಕೇಳಿದವನೂ ನಾನೊಬ್ಬನೇ. ಆ ಕಥೆಯಲ್ಲಿ ಇನ್ನೂ ದೊಡ್ಡದೊಂದು ತೂತಿದೆ. ಅದರಲ್ಲಿ ಗೌಡ್ರ ಗಾಡಿಗಳನ್ನು ನೋಡಿಕೊಳ್ಳುವ ಅಕ್ಕ ಇಲ್ಲ. ಅಕ್ಕನ ಮೇಲೆ ನಾನು ನನ್ನ ಕೈಯಾರೆ ಬರೆದ ಸುಳ್ಳೂ ಇಲ್ಲ.

ಗ್ಯಾರೇಜು ಇರುವುದು ಚಿಕ್ಕಲಸಂದ್ರದಲ್ಲಿ, ಉತ್ತರಹಳ್ಳಿ ಕಡೆ ಹೋಗುವ ರಸ್ತೆಗೆ ಮುಖ ಮಾಡಿ. ಮೇಸ್ತ್ರಿಯೇ ಅದರ ಯಜಮಾನರು. ಹನುಮಂತನಗರದಿಂದ ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಟರಿನಲ್ಲಿ ಬರುತ್ತಾರೆ. ವೈರಿಂಗ್ ಕೆಲಸ ನನ್ನದು. ಗೌಡ್ರು ಎಂದರೆ ತಲಘಟ್ಟಪುರದ ಹತ್ತಿರ ಅಪಾರ್ಟ್‌ಮೆಂಟುಗಳ ನಡುವೆ ಉಳಿದಿರುವ ತಮ್ಮ ಹೊಲದಲ್ಲಿ ಮಣ್ಣಿನ ದಿಬ್ಬ ಹಾಕಿಸಿ, ಮಣ್ಣಿನಲ್ಲಿ ಓಡಿಸುವ ನಾಲ್ಕು ದಪ್ಪ ಚಕ್ರದ ಐದು ಎಟಿವಿ ಇಟ್ಟುಕೊಂಡು, ಶನಿವಾರ ಭಾನುವಾರ ಬರುವ ಸಂಸಾರಗಳಿಗೆ ಸವಾರಿ ಕೊಡುವವರು. ಗಾಡಿಗಳನ್ನು ಬೆಳಿಗ್ಗೆ ತೆಗೆಯುವುದು, ಹೆಲ್ಮೆಟ್ ಹಾಕಿಸುವುದು, ಸವಾರಿ ಕಲಿಸುವುದು, ಸಾಯಂಕಾಲ ಶೆಡ್ಡಿಗೆ ಸೇರಿಸಿ ಕೀ ತೆಗೆಯುವುದು ಎಲ್ಲವೂ ಅಕ್ಕನ ಕೆಲಸ. ನಲವತ್ತರ ಆಸುಪಾಸಿನ ಹೆಂಗಸು. ಗಂಟಲು ದೊಡ್ಡದು.

ಮೊದಲ ಸಲ ಆ ಗಾಡಿ ಬಂದಾಗ ನಾನು ಅದನ್ನು ಮುಟ್ಟಲೇ ಇಲ್ಲ. ಬ್ಯಾಟರಿ ಹಳೆಯದಾಗಿತ್ತು, ಅಷ್ಟೆ. ಮೇಸ್ತ್ರಿ ಹೊಸದು ಹಾಕಿದರು. ಆಮೇಲೆ ತಮ್ಮ ಪರೀಕ್ಷೆ ಮಾಡಿ ತೋರಿಸಿದರು.

ಆ ಪರೀಕ್ಷೆಯನ್ನು ಇಲ್ಲಿ ವಿವರಿಸಲೇಬೇಕು. ಎಂಜಿನ್ ಓಡುತ್ತಿರುವಾಗಲೇ ಮೇಸ್ತ್ರಿ ಹತ್ತನೇ ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಸಡಿಲ ಮಾಡಿ, ಕೇಬಲ್ಲನ್ನು ಮೇಲೆತ್ತಿ ಹಿಡಿಯುತ್ತಾರೆ. ಎಂಜಿನ್ ನಿಲ್ಲುವುದಿಲ್ಲ. "ನೋಡಿ, ಬ್ಯಾಟ್ರಿ ಇಲ್ದೆ ಓಡ್ತಿದೆ. ಅಂದ್ರೆ ಚಾರ್ಜಿಂಗ್ ಪಕ್ಕಾ." ಇನ್ನೊಂದು ಕೈಯಿಂದ ಆಕ್ಸಿಲರೇಟರ್ ರೈಸ್ ಮಾಡುತ್ತಾರೆ. ಹೆಡ್‌ಲೈಟ್ ಜಗ್ಗನೆ ಉರಿಯುತ್ತದೆ. "ಲೈಟ್ ಹೆಂಗಿದೆ ನೋಡಿ ಸಾರ್!" ಗಿರಾಕಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಳೆಯ ಡೀಸೆಲ್ ಗಾಡಿಗಳ ಕಾಲದ ಪರೀಕ್ಷೆ ಇದು. ಮೇಸ್ತ್ರಿ ತಮ್ಮ ಗುರುಗಳಿಂದ ಕಲಿತದ್ದು. ರಿಪೇರಿ ಮುಗಿದ ಯಾವ ಗಾಡಿಯೂ ಇದನ್ನು ದಾಟದೆ ನಮ್ಮ ಬಾಗಿಲು ಬಿಡುವುದಿಲ್ಲ.

ಹತ್ತು ದಿನಕ್ಕೆ ಗಾಡಿ ವಾಪಸ್ ಬಂತು. ಓಡಿಸಿದ ದಿನ ಚೆನ್ನಾಗಿರುತ್ತದೆ, ಎರಡು ದಿನ ನಿಂತರೆ ಸೆಲ್ಫ್ ಒತ್ತಿದಾಗ ಬರೀ ಟಕ್ ಟಕ್. ಬೆಲ್ಟಿನ ಗೇರು, ತಳ್ಳಿ ಸ್ಟಾರ್ಟ್ ಮಾಡಲೂ ಆಗದು. ಈ ಸಲ ಮೇಸ್ತ್ರಿ ನನ್ನ ಕೈಗೆ ಕೊಟ್ಟರು.

ನಾನು ಕ್ರಮವಾಗಿಯೇ ಹೋದೆ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರ್ ಸೇರಿಸಿದೆ. ಎಲ್ಲ ಆಫ್ ಇರುವಾಗ ಅಲ್ಲಿ ಹರಿಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆಯಿರಬೇಕು. ಇಲ್ಲಿ ಕಾಲು ಆಂಪಿಯರ್ ಹರಿಯುತ್ತಿತ್ತು. ಆ ಚಿಕ್ಕ ಬ್ಯಾಟರಿಯನ್ನು ಎರಡು ದಿನದಲ್ಲಿ ಮಲಗಿಸಲು ಅಷ್ಟು ಸಾಕು. ಹಾರ್ನ್, ಲೈಟ್, ಸೆಲ್ಫ್ ರಿಲೇ ಒಂದೊಂದಾಗಿ ಕಳಚಿದೆ. ಮೀಟರ್ ಕದಲಲಿಲ್ಲ. ರೆಗ್ಯುಲೇಟರಿನ ಪ್ಲಗ್ ಕಿತ್ತೊಡನೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು.

ಎಂಜಿನ್ನಿನೊಳಗಿನ ಮ್ಯಾಗ್ನೆಟ್ ಕಾಯಿಲ್ ಹುಟ್ಟಿಸುವ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಮಾಡಿ ಕೊಡುವ ಪೆಟ್ಟಿಗೆ ರೆಗ್ಯುಲೇಟರ್. ಅದರೊಳಗಿನ ಡಯೋಡುಗಳು ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕು. ಇದರಲ್ಲಿ ಒಂದು ಡಯೋಡ್ ಎರಡೂ ಕಡೆ ಬಿಡುತ್ತಿತ್ತು. ಹಗಲು ತುಂಬಿಸಿದ್ದು ನಿಂತಾಗ ಅದೇ ದಾರಿಯಲ್ಲಿ ಹಿಂದಕ್ಕೆ ಸೋರುತ್ತಿತ್ತು. ಹೊಸದು ತಂದು ಹಾಕಿದೆ. ಸೋರಿಕೆ ನಿಂತಿತು. ಖುಷಿಯಲ್ಲಿ ಒಂದು ಪೆದ್ದು ಕೆಲಸ ಮಾಡಿದೆ. ಮೀಟರ್ ತೆಗೆಯುವ ಮೊದಲೇ ಕೀ ತಿರುಗಿಸಿ ಸೆಲ್ಫ್ ಒತ್ತಿಬಿಟ್ಟೆ. ಪಿಟ್ ಎಂದು ಸಣ್ಣ ಸದ್ದು. ಮೀಟರಿನ ಪರದೆ ಮೊದಲಿನ ಹಾಗೆಯೇ ಅಂಕಿ ತೋರಿಸುತ್ತಿತ್ತು, ಏನೂ ಆಗಿಲ್ಲವೆಂದುಕೊಂಡು ಮೀಟರ್ ಕಳಚಿ, ಕೇಬಲ್ ಬಿಗಿಮಾಡಿ ಎಂಜಿನ್ ಎಬ್ಬಿಸಿದೆ. ಚಾರ್ಜಿಂಗ್ ಹದಿನಾಲ್ಕು ಚಿಲ್ಲರೆ ವೋಲ್ಟ್. ಎಲ್ಲ ಸರಿ.

ಗೌಡ್ರು ಬಂದರು. ಮೇಸ್ತ್ರಿ ಟರ್ಮಿನಲ್ ಕಿತ್ತು, ರೈಸ್ ಮಾಡಿ, ಲೈಟ್ ತೋರಿಸಿದರು. ಗೌಡ್ರು ಹೊರಟರು.

ನಾಲ್ಕೇ ದಿನ. ಗಾಡಿ ಮತ್ತೆ ಗೂಡ್ಸ್ ಆಟೋದಲ್ಲಿ ಮಲಗಿಕೊಂಡು ಬಂತು.

"ಪಾರ್ಟ್ ಹೊಸದು, ಬ್ಯಾಟ್ರಿ ಹೊಸದು, ನಾನು ಟೆಸ್ಟ್ ಮಾಡಿ ಕಳ್ಸಿದ್ದು. ಇನ್ನೇನಿದೆ?" ಎಂದರು ಮೇಸ್ತ್ರಿ. "ಆಯಮ್ಮ ಕೀ ಆನ್ ಬಿಟ್ಟು ಹೋಗ್ತಾಳೆ. ಬರಿ."

ನಾನು ಬರೆಯುವ ಮೊದಲು ಮೀಟರ್ ಹಾಕಿದೆ. ಇದನ್ನು ನನ್ನ ಪರವಾಗಿ ಹೇಳಿಕೊಳ್ಳಬೇಕೆಂದಿದ್ದೆ, ಆದರೆ ಮುಂದೆ ನೋಡಿದರೆ ಇದೇ ನನ್ನ ವಿರುದ್ಧದ ಸಾಕ್ಷಿ. ಮೀಟರ್ 0.00 ಎಂದಿತು. ಸೋರಿಕೆ ಇಲ್ಲ. ಸೋರಿಕೆ ಇಲ್ಲದೆ ಬ್ಯಾಟರಿ ಇಳಿದಿದೆ ಎಂದರೆ ಯಾರೋ ಆನ್ ಬಿಟ್ಟಿದ್ದಾರೆ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆ ಹೋಗುತ್ತಿದ್ದಾಗ ಇಂಥ ವಾದಕ್ಕೆ ನನಗೆ ಬಹುಮಾನದ ಕಪ್ ಕೊಟ್ಟಿದ್ದಾರೆ. ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ಅಚ್ಚುಕಟ್ಟಾಗಿ ಬರೆದೆ: "ವೈರಿಂಗ್‌ನಲ್ಲಿ ಸೋರಿಕೆ ಇಲ್ಲ. ಕೀ ಆನ್ ಬಿಟ್ಟಿರುವುದರಿಂದ ಬ್ಯಾಟರಿ ಇಳಿದಿದೆ." ಕೆಳಗೆ ನನ್ನ ಸಹಿ. ಬ್ಯಾಟರಿ ಚಾರ್ಜ್ ಮಾಡಿ ಕಳಿಸಿದೆವು. ಗೌಡ್ರು ಕಾರ್ಡಿನ ಫೋಟೋ ತೆಗೆದುಕೊಂಡರು.

ಮೂರು ದಿನ ಬಿಟ್ಟು, ಶುಕ್ರವಾರ, ಗೂಡ್ಸ್ ಆಟೋದ ಮುಂದಿನ ಸೀಟಿನಿಂದ ಅಕ್ಕ ಇಳಿದರು.

"ಯಾರಪ್ಪಾ ಇಲ್ಲಿ ನಾನು ಕೀ ಬಿಟ್ಟು ಹೋಗ್ತೀನಿ ಅಂತ ಬರ್ದಿರೋನು?"

ಮೇಸ್ತ್ರಿ ಬೆರಳು ತೋರಿಸಿದರು. "ಅಗೋ, ನಮ್ ಲಾಯರ್ ಸಾಹೇಬ್ರು."

"ನೀನಾ? ನೀನು ನೋಡಿದ್ಯಾ?"

"ನೋಡಿಲ್ಲ ಅಕ್ಕ. ಆದ್ರೆ ಗಾಡೀಲಿ ಲೀಕ್ ಇಲ್ಲ. ಲೀಕ್ ಇಲ್ದೆ ಬ್ಯಾಟ್ರಿ ಇಳ್ದಿದೆ. ಬೇರೆ ಕಾರಣ ಇದ್ರೆ ನೀವೇ ಹೇಳಿ."

"ನಾನ್ಯಾಕೆ ಹೇಳ್ಲಿ? ರಿಪೇರಿ ಮಾಡೋನು ನೀನಾ, ನಾನಾ?"

ಆಟೋ ಡ್ರೈವರ್ ನಕ್ಕ. ಅಕ್ಕ ನಗಲಿಲ್ಲ.

"ಕೇಳಿಲ್ಲಿ. ಐದು ಗಾಡಿ. ಸಾಯಂಕಾಲ ಐದು ಕೀನೂ ಗೌಡ್ರ ಮನೇಲಿ ಆಂಟಿ ಕೈಗೆ ಎಣಿಸಿ ಕೊಟ್ಟೇ ನಾನು ಬಸ್ ಹತ್ತೋದು. ಒಂದು ಕಮ್ಮಿ ಆದ್ರೆ ಆಯಮ್ಮ ನನ್ನ ಬಿಡ್ತಾರಾ?"

"ಕೀ ಬಂದ್ರೂ ಲಾಕ್ ಆನಲ್ಲೇ ಉಳ್ಕೊಂಡಿರತ್ತೆ," ಎಂದರು ಮೇಸ್ತ್ರಿ. "ಸವೆದಿರೋ ಲಾಕಲ್ಲಿ ಹಂಗಾಗತ್ತೆ."

ಅದಾದರೆ ಆಗಬಹುದು. ನಾನು ಕೀ ಹಾಕಿ ಆನ್ ಮಾಡಿ ಎಳೆದೆ. ಬರಲಿಲ್ಲ. ಅಲ್ಲಾಡಿಸಿ ಎಳೆದೆ. ಬರಲಿಲ್ಲ. ಆಫ್ ಮಾಡಿದ ಮೇಲೇ ಬಂತು. ಅಕ್ಕ ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದರು.

"ಇನ್ನೊಂದು ಹೇಳು ಲಾಯರಪ್ಪಾ. ಮಿಕ್ಕಿದ ನಾಲ್ಕು ಗಾಡೀನೂ ನಾನೇ ನೋಡ್ಕೊಳ್ಳೋದು. ಅವು ಒಂದ್ ದಿನಾನೂ ನಿಮ್ ಗ್ಯಾರೇಜ್ ಮುಖ ನೋಡಿಲ್ಲ. ಅವಕ್ಕೆ ರೋಗ ಇಲ್ಲ. ಇಲ್ಲಿಗೆ ಬಂದಿದ್ದಕ್ಕೆ ಮಾತ್ರ ರೋಗ. ಇದಕ್ಕೇನಂತೀಯ?"

ಕಪ್ ಗೆದ್ದ ಯಾವ ಚರ್ಚೆಯಲ್ಲೂ ನನಗೆ ಇಷ್ಟು ನೇರವಾದ ಪ್ರಶ್ನೆ ಎದುರಾಗಿರಲಿಲ್ಲ.

ಆಮೇಲೆ ಅವರ ದನಿ ಸ್ವಲ್ಪ ಇಳಿಯಿತು. ಭಾನುವಾರ ಬೆಳಿಗ್ಗೆ ಗಾಡಿ ಎಬ್ಬಿಸಲು ಆಗದಿದ್ದರೆ ಕೀ ಗೊಂಚಲು ಕೊಟ್ಟು ಮನೆಗೆ ಹೋಗು ಎಂದು ಗೌಡ್ರು ಹೇಳಿದ್ದರಂತೆ. ನನ್ನ ಕಾರ್ಡಿನ ಫೋಟೋವನ್ನೇ ಮುಖಕ್ಕೆ ಹಿಡಿದು ಹೇಳಿದ್ದರಂತೆ. "ಏಳು ವರ್ಷ ಆಯ್ತು. ಒಂದು ಮಗೂಗೆ ಗಾಯ ಆಗಕ್ಕೆ ಬಿಟ್ಟಿಲ್ಲ ನಾನು. ನೀನು ಒಂದು ಸಾಲು ಬರ್ದೆ, ಅಷ್ಟೇ."

ಅಕ್ಕ ಹೋದಮೇಲೆ ಮತ್ತೆ ಮೀಟರ್ ಸೇರಿಸಿದೆ. 0.00. ಅಕ್ಕ ಹೇಳಿದ್ದು ನಿಜವಾದರೆ ಈ ಸೊನ್ನೆ ಸುಳ್ಳಾಗಬೇಕು. ಇಷ್ಟು ದಿನ ಗಾಡಿಯನ್ನು ಅನುಮಾನಿಸಿದ್ದೆ, ಅಕ್ಕನನ್ನು ಅನುಮಾನಿಸಿದ್ದೆ, ಮೀಟರನ್ನು ಮಾತ್ರ ಅನುಮಾನಿಸಿರಲಿಲ್ಲ. ಇಂಡಿಕೇಟರಿನ ಒಂದು ಬಲ್ಬ್ ಬಿಚ್ಚಿ, ಬ್ಯಾಟರಿಯಿಂದ ಮೀಟರಿನ ಮೂಲಕ ಅದಕ್ಕೆ ಕರೆಂಟ್ ಕೊಟ್ಟೆ. ಬಲ್ಬ್ ಉರಿಯಬೇಕಿತ್ತು. ಉರಿಯಲಿಲ್ಲ. ಮೀಟರ್ ಆಗಲೂ 0.00 ಎಂದೇ ಹೇಳುತ್ತಿತ್ತು.

ಹಿಂದಿನ ಮುಚ್ಚಳ ತೆಗೆದೆ. ಒಳಗಿನ ಫ್ಯೂಸ್ ಸುಟ್ಟಿತ್ತು. ಮೀಟರ್ ಇರುವಾಗಲೇ ಸೆಲ್ಫ್ ಒತ್ತಿದ ದಿನ ಕೇಳಿದ ಪಿಟ್ ಎಂಬ ಸದ್ದು ಅದೇ. ವೋಲ್ಟ್ ಅಳೆಯಲು ಆ ಫ್ಯೂಸ್ ಬೇಡ, ಅದಕ್ಕೇ ಅವತ್ತು ಚಾರ್ಜಿಂಗ್ ಅಂಕಿ ಸರಿಯಾಗಿಯೇ ಬಂದಿತ್ತು. ಕರೆಂಟ್ ಅಳೆಯಲು ಹೋದರೆ ಮಾತ್ರ ಫ್ಯೂಸ್ ಹೋದ ಮೀಟರಿನ ಮೂಲಕ ಏನೂ ಹರಿಯುವುದಿಲ್ಲ, ಯಾವ ಗಾಡಿಗೆ ಹಾಕಿದರೂ ಸೊನ್ನೆ. ಆ ಸೊನ್ನೆಯ ಮೇಲೆ ನಾನು ಒಬ್ಬರ ಅನ್ನದ ಬಗ್ಗೆ ತೀರ್ಪು ಬರೆದಿದ್ದೆ.

ಹೊಸ ಫ್ಯೂಸ್ ಹಾಕಿ ಮತ್ತೆ ಸೇರಿಸಿದೆ. 0.23. ಬಿಚ್ಚಿ ನೋಡಿದರೆ ನಾನೇ ಹಾಕಿದ ಹೊಸ ರೆಗ್ಯುಲೇಟರಿನಲ್ಲೂ ಡಯೋಡ್ ಎರಡೂ ಕಡೆ ಸೋರುತ್ತಿತ್ತು, ಥೇಟ್ ಹಳೆಯದರ ಹಾಗೆ.

ಹೊಸ ಪಾರ್ಟು ಹೀಗೆ ಸುಮ್ಮನೆ ಸಾಯುವುದಿಲ್ಲ. ಕಾಯಿಲಿನ ಮೂರು ಹಳದಿ ವೈರುಗಳನ್ನು ಎರಡೆರಡಾಗಿ ಅಳೆದೆ. ಮೂರು ಜೋಡಿಯೂ ಸಮ. ಯಾವುದೂ ಎಂಜಿನ್ನಿನ ಲೋಹಕ್ಕೆ ತಾಗುತ್ತಿರಲಿಲ್ಲ. ಅರ್ಥ್ ಪಾಯಿಂಟ್ ಉಜ್ಜಿ ನೋಡಿದೆ, ಚೊಕ್ಕ. ಪ್ಲಗ್ಗಿನಲ್ಲಿ ಸುಟ್ಟ ಗುರುತಿಲ್ಲ. ಗಾಡಿಯಲ್ಲಿ ಅದನ್ನು ಕೊಲ್ಲುವಂಥದ್ದು ಏನೂ ಇರಲಿಲ್ಲ. ಹಾಗಾದರೆ ಕೊಂದದ್ದು ಗಾಡಿಯ ಹೊರಗಿನದು. ಇಲ್ಲಿಗೆ ಬಂದಿದ್ದಕ್ಕೆ ಮಾತ್ರ ರೋಗ. ಇಲ್ಲಿ ಇದಕ್ಕೆ ನಾವು ಏನು ಮಾಡುತ್ತೇವೆ?

ಆಗ ಹೆಡ್‌ಲೈಟ್ ನೆನಪಾಯಿತು. ಟರ್ಮಿನಲ್ ಕಿತ್ತು ರೈಸ್ ಮಾಡಿದಾಗ ಅದು ಯಾಕೆ ಅಷ್ಟು ಜೋರಾಗಿ ಉರಿಯುತ್ತದೆ? ನಾವೆಲ್ಲ ಅದನ್ನು ಆರೋಗ್ಯವೆಂದೇ ನೋಡಿದ್ದೆವು. ಮ್ಯಾಗ್ನೆಟ್ ಕಾಯಿಲ್ ಎಂಜಿನ್ ತಿರುಗುವಷ್ಟು ಹೊತ್ತೂ ಕರೆಂಟ್ ಹುಟ್ಟಿಸುತ್ತಲೇ ಇರುತ್ತದೆ. ಏರಿಳಿತವನ್ನು ನುಂಗಿಕೊಳ್ಳುವುದು ಬ್ಯಾಟರಿ. ಅದನ್ನು ಕಿತ್ತು ರೈಸ್ ಮಾಡಿದರೆ ಅಷ್ಟೂ ವೋಲ್ಟೇಜ್ ಹೋಗಿ ಬಡಿಯುವುದು ರೆಗ್ಯುಲೇಟರಿಗೆ. ಮೇಸ್ತ್ರಿ ಗಿರಾಕಿಗೆ ತೋರಿಸುತ್ತಿದ್ದ ಆ ಬೆಳಕು, ಪಾರ್ಟು ಸಾಯುತ್ತಿರುವ ಬೆಳಕು.

ಮೇಸ್ತ್ರಿಗೆ ಹೇಳಿದೆ. ಮೆತ್ತಗೆ ಹೇಳಿದೆನೆಂದು ಹೇಳಲಾರೆ.

"ಮೂವತ್ತು ವರ್ಷದಿಂದ ಕೀಳ್ತಿದ್ದೀನಿ ಕಣೋ. ಒಂದು ಗಾಡಿ ಸತ್ತಿಲ್ಲ."

"ಸತ್ತವು ಬೇರೆ ಕಂಪ್ಲೇಂಟ್ ಹೇಳ್ಕೊಂಡು ನಮ್ ಹತ್ರಾನೇ ಬಂದಿರ್ತವೆ ಮೇಸ್ತ್ರಿ. ಎಣಿಸಿದ್ದೀರಾ?"

"ನಿನ್ನ ಬಾಯಿಗೆ ಒಂದು ಫ್ಯೂಸ್ ಹಾಕ್ಬೇಕು ಮೊದ್ಲು," ಎಂದು ಅವರು ಟೀ ಕುಡಿಯಲು ಹೊರಟರು. ಮೀಟರಿನ ಫ್ಯೂಸಿನ ವಿಷಯ ಆಗಲೇ ಅವರಿಗೆ ತಿಳಿದಿತ್ತು.

ನನ್ನ ಮುಂದೆ ಎರಡು ದಾರಿಯಿದ್ದವು. ಇನ್ನೊಂದು ರೆಗ್ಯುಲೇಟರ್ ಹಾಕಿ, ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಗಾಡಿಯನ್ನು ಕಳಿಸಿಬಿಡುವುದು. ಭಾನುವಾರ ಗಾಡಿ ಎದ್ದೇಳುತ್ತದೆ, ಅಕ್ಕನ ಕೆಲಸ ಉಳಿಯುತ್ತದೆ, ಯಾರ ಮುಖಕ್ಕೂ ಮಸಿಯಿಲ್ಲ. ಆದರೆ ಕೀ ಬಿಟ್ಟು ಹೋಗುವವಳು ಬೈಸಿಕೊಂಡ ಮೇಲೆ ತಿದ್ದಿಕೊಂಡಳು ಎಂದೇ ಗೌಡ್ರು ತಿಳಿಯುತ್ತಾರೆ. ಇನ್ನೊಂದು ದಾರಿ, ಎಲ್ಲರೆದುರು ಪರೀಕ್ಷೆಯನ್ನೇ ಪರೀಕ್ಷೆಗೆ ಹಾಕುವುದು. ನಾನು ಎರಡನೆಯದನ್ನು ಹಿಡಿದೆ. ಅಕ್ಕನಿಗಾಗಿ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಗೆಲ್ಲುವ ಚಪಲವೂ ಇತ್ತು. ಎರಡು ರೆಗ್ಯುಲೇಟರ್ ತಂದು, ಒಂದನ್ನು ಹಾಕಿ, ಒಂದನ್ನು ಡ್ರಾಯರಿನಲ್ಲಿಟ್ಟೆ. ಶನಿವಾರ ಬೆಳಿಗ್ಗೆ ಸವಾರಿ ಶುರುವಾಗುವ ಮೊದಲೇ ಬನ್ನಿ, ಅಕ್ಕನನ್ನೂ ಕರೆತನ್ನಿ ಎಂದು ಗೌಡ್ರಿಗೆ ಫೋನ್ ಮಾಡಿದೆ.

ಬಂದರು. ಗೌಡ್ರು ಕುರ್ಚಿಯಲ್ಲಿ ಕೂತರು. ಕೀ ಗೊಂಚಲು ಅವರ ಕೈಯಲ್ಲಿತ್ತು. ಅಕ್ಕ ಬಾಗಿಲ ಹತ್ತಿರ ನಿಂತರು.

ಮೊದಲು ಬಲ್ಬಿನಿಂದ ಮೀಟರ್ ಸರಿಯಿದೆಯೆಂದು ತೋರಿಸಿದೆ. ಆಮೇಲೆ ಗಾಡಿಗೆ ಸೇರಿಸಿದೆ. "ಗೌಡ್ರೇ, ಇದು ಈಗಿನ ಲೀಕು. ಸೊನ್ನೆ ಅಂತ್ಲೇ ಇಟ್ಕೊಳಿ. ಇನ್ನು ಮೇಸ್ತ್ರಿ ದಿನಾ ಮಾಡೋ ಟೆಸ್ಟನ್ನೇ ಮಾಡ್ಲಿ. ಆಮೇಲೆ ಮತ್ತೆ ಅಳೆಯೋಣ."

ಮೇಸ್ತ್ರಿ ಎದ್ದರು. ಬೇಡವೆನ್ನಲು ಅವರಿಗೂ ದಾರಿಯಿರಲಿಲ್ಲ. ನಾನು ಮೀಟರ್ ತೆಗೆದು ಕೇಬಲ್ ಕೂರಿಸಿದೆ. ಅವರು ಎಂಜಿನ್ ಎಬ್ಬಿಸಿ, ಟರ್ಮಿನಲ್ ಕಿತ್ತು, ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಮತ್ತೆ ಕೂರಿಸಿ ಎಂಜಿನ್ ಆಫ್ ಮಾಡಿದರು. ನಾನು ಅಳೆದೆ. ಸೊನ್ನೆ. ಒಂದಿಷ್ಟೂ ವ್ಯತ್ಯಾಸವಿಲ್ಲ.

"ಏನ್ ಲಾಯರ್ ಸಾಹೇಬ್ರೇ," ಎಂದರು ಮೇಸ್ತ್ರಿ, "ಕೇಸ್ ವಜಾನಾ?"

ಗೌಡ್ರು ಗಡಿಯಾರ ನೋಡಿಕೊಂಡರು. ಅಕ್ಕ ಕೈಕಟ್ಟಿಕೊಂಡು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ನೀನು ಇನ್ನೊಂದು ಸಲ ನನ್ನನ್ನು ಮುಳುಗಿಸಿದೆ ಎಂಬ ನೋಟ. ಏನು ಬಿಟ್ಟುಹೋಯಿತೆಂದು ಯೋಚಿಸಿದೆ. ಮೇಸ್ತ್ರಿ ರೈಸ್ ಮಾಡಿರಲಿಲ್ಲ.

"ಲೈಟ್ ತೋರಿಸ್ಲೇ ಇಲ್ವಲ್ಲ ಮೇಸ್ತ್ರಿ. ದಿನಾ ತೋರಿಸ್ತೀರಲ್ಲ."

"ಸಾಕು ಬಿಡೋ."

"ತೋರಿಸಿ ಮೇಸ್ತ್ರಿ," ಎಂದರು ಅಕ್ಕ ಬಾಗಿಲಿಂದ. "ಗೌಡ್ರು ನೋಡ್ಲಿ. ಅವ್ರಿಗೆ ಇಷ್ಟ ಅದು."

ಮೇಸ್ತ್ರಿ ಕಿತ್ತರು. ಕೈ ಆಕ್ಸಿಲರೇಟರಿಗೆ ಹೋಗಲು ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಹೋಯಿತು. ಹೆಡ್‌ಲೈಟ್ ಬೆಳ್ಳಗೆ ಉರಿಯಿತು. ಎರಡು ಸಲ, ಮೂರು ಸಲ. ಎಂಜಿನ್ ನಿಲ್ಲಿಸಿ ನಾನು ಮೀಟರ್ ಸೇರಿಸಿದೆ.

0.19.

ರೆಗ್ಯುಲೇಟರಿನ ಪ್ಲಗ್ ಎಳೆದೆ. ಸೊನ್ನೆ. ಮತ್ತೆ ಹಾಕಿದೆ. 0.19. ಡ್ರಾಯರಿನಿಂದ ಇನ್ನೊಂದನ್ನು ತಂದು ಹಾಕಿದೆ. ಸೊನ್ನೆ. ಮೇಸ್ತ್ರಿ ಇದಕ್ಕೂ ಟರ್ಮಿನಲ್ ಕೀಳದಿರಲೆಂದು ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡೆ.

ನಾನು ಗೆದ್ದೆನೆಂದೇ ತಿಳಿದಿದ್ದೆ. ಗೌಡ್ರು ಕುರ್ಚಿಯಿಂದ ಎದ್ದು ಸತ್ತ ರೆಗ್ಯುಲೇಟರನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಏನ್ ಮೇಸ್ತ್ರಿ, ಇಷ್ಟಕ್ಕೆಲ್ಲ ಹೋಗತ್ತಾ? ಡೂಪ್ಲಿಕೇಟ್ ಮಾಲಿರ್ಬೇಕು."

ಮೇಸ್ತ್ರಿ ತಕ್ಷಣ ಹಿಡಿದುಕೊಂಡರು. "ಹೌದು ಗೌಡ್ರೇ. ಈಗಿನ ಮಾಲೇ ಹಂಗೆ. ಒರಿಜಿನಲ್ ಹಾಕ್ಸಿದ್ದೀನಿ ಈಗ."

"ಒಂದೇ ಅಂಗಡೀದು ಗೌಡ್ರೇ," ಎಂದೆ. "ಪೆಟ್ಟಿಗೆ ನೋಡಿ, ಎರಡೂ ಒಂದೇ."

"ಆಯ್ತು ಬಿಡಪ್ಪ, ಎಳೀಬೇಡ. ಗಾಡಿ ಸರಿಹೋಯ್ತಲ್ಲ." ಗೊಂಚಲನ್ನು ಅಕ್ಕನ ಕಡೆ ಚಾಚಿದರು. "ತಗೊಳಮ್ಮ. ನಾಳೆ ಬೇಗ ಬಾ."

ಅಕ್ಕ ಕೈ ಚಾಚಲಿಲ್ಲ. "ತಪ್ಪು ಯಾರ್ದು ಅಂತ ಹೇಳಿ ಕೊಡಿ ಗೌಡ್ರೇ."

"ಪಾರ್ಟ್‌ದು ಕಣಮ್ಮಾ."

"ಪಾರ್ಟ್ ಬರೀಲಿಲ್ಲ ಕಾರ್ಡಲ್ಲಿ." ನನ್ನ ಕಡೆ ತಿರುಗಿದರು. "ನೀನು ಬರ್ದಿದ್ದು. ನೀನೇ ಹೊಡ್ದು ಹಾಕು."

ಕಾರ್ಡ್ ತಂದೆ. ಕೀ ಆನ್ ಬಿಟ್ಟಿರುವ ಸಾಲಿನ ಮೇಲೆ ಗೆರೆ ಎಳೆದೆ. ಕೆಳಗೆ ಬರೆದೆ: "ನನ್ನ ಮೀಟರಿನ ಫ್ಯೂಸ್ ಸುಟ್ಟಿದ್ದರಿಂದ ಸೋರಿಕೆ ಕಾಣಲಿಲ್ಲ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ರೈಸ್ ಮಾಡಿದ್ದರಿಂದ ರೆಗ್ಯುಲೇಟರ್ ಕೆಟ್ಟಿದೆ. ಗಾಡಿ ನೋಡಿಕೊಳ್ಳುವವರ ತಪ್ಪಿಲ್ಲ." ಸಹಿ ಹಾಕಿದೆ. ಯಜಮಾನರ ಸಹಿಯ ಜಾಗ ಖಾಲಿಯಿತ್ತು. ಪೆನ್ನನ್ನು ಮೇಸ್ತ್ರಿಯ ಮುಂದೆ ಹಿಡಿದೆ. ಅವರು ಕೈ ಒರೆಸುವ ಬಟ್ಟೆ ಹುಡುಕುತ್ತ ಒಳಗೆ ಹೋದರು.

ಅಕ್ಕ ಸ್ವಲ್ಪ ಹೊತ್ತು ಕಾದರು. ಆಮೇಲೆ ಕಾರ್ಡಿನ ಫೋಟೋವನ್ನು ತಮ್ಮ ಫೋನಿನಲ್ಲೇ ತೆಗೆದುಕೊಂಡು, ಗೌಡ್ರ ಕೈಯಿಂದ ಗೊಂಚಲು ತೆಗೆದುಕೊಂಡರು. ನನಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಭಾನುವಾರ ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಇವತ್ತಿಗೂ ಏಳುತ್ತದೆ. ಮೇಸ್ತ್ರಿ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ವೈರಿಂಗ್ ಬಲ್ಲವರು ಅವರಿಗೆ ಬೇರೆ ಸಿಗಲಿಲ್ಲ. ಡೂಪ್ಲಿಕೇಟ್ ಮಾಲಿನ ಕಥೆ ಮರುವಾರದಿಂದಲೇ ಶುರುವಾಯಿತು. ಟರ್ಮಿನಲ್ ಪರೀಕ್ಷೆಯೂ ನಿಲ್ಲಲಿಲ್ಲ. ಮೊನ್ನೆಯೂ ಒಬ್ಬ ಗಿರಾಕಿಯ ಬೈಕಿಗೆ ಮಾಡಿದರು, ನಾನು ಹೋಗಿ ಕೈ ಹಿಡಿದದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಕಳೆದ ವಾರ ಮೇಸ್ತ್ರಿ ತಮ್ಮ ಸ್ವಂತ ಸ್ಕೂಟರಿಗೆ ಹೊಸ ಬ್ಯಾಟರಿ ಹಾಕಿದರು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ನಾನು ಒಂದು ವ್ಯಾನಿನ ಕೆಳಗೆ ಮಲಗಿದ್ದೆ. ಅವರು ನನ್ನ ಟ್ರೇಯಿಂದ ಮೀಟರ್ ತೆಗೆದುಕೊಂಡರು. ಎಂಜಿನ್ ಎಬ್ಬಿಸಿ, ಟರ್ಮಿನಲ್‌ಗಳ ಮೇಲೆ ಮೀಟರಿನ ಎರಡು ಕಡ್ಡಿ ಇಟ್ಟು, ಹದವಾಗಿ ರೈಸ್ ಮಾಡಿ, ಅಂಕಿ ಓದಿಕೊಂಡರು. ಆಮೇಲೆ ಎಂಜಿನ್ ನಿಲ್ಲಿಸಿ, ನೆಗೆಟಿವ್ ಕೇಬಲ್ ಬಿಚ್ಚಿ, ನಡುವೆ ಮೀಟರ್ ಸೇರಿಸಿ ಸೋರಿಕೆಯನ್ನೂ ನೋಡಿದರು. ಕಡ್ಡಿಯ ವೈರನ್ನು ಮೀಟರಿನಲ್ಲಿ ಕರೆಂಟ್ ಅಳೆಯುವ ಆಂಪಿಯರಿನ ತೂತಿಗೆ ಬದಲಾಯಿಸಿದ ಅವರ ಕೈ ಒಂದು ಸಲವೂ ತಡವರಿಸಲಿಲ್ಲ. ಇವತ್ತು ನಿನ್ನೆ ಕಲಿತ ಕೈ ಅದಲ್ಲ. ಎಂಜಿನ್ ಓಡುವಾಗ ಟರ್ಮಿನಲ್ ಕೀಳುವ ಪರೀಕ್ಷೆಯನ್ನು ಮಾತ್ರ ಅವರು ಮಾಡಲೇ ಇಲ್ಲ.

ವ್ಯಾನಿನ ಕೆಳಗಿಂದ ಹೊರಗೆ ಬಂದೆ. ಅವರು ಮೀಟರನ್ನು ಟ್ರೇಯಲ್ಲಿ ಇದ್ದ ಜಾಗದಲ್ಲೇ ಇಡುತ್ತಿದ್ದರು.

"ಮೇಸ್ತ್ರಿ, ನಿಮ್ಮ ಗಾಡಿಗೆ ಯಾವತ್ತಾದ್ರೂ ಟರ್ಮಿನಲ್ ಕಿತ್ತು ನೋಡಿದ್ದೀರಾ?"